ಎಂಜಿನ್‌ಗೆ ಶ್ರುತಿ ಹಿಡಿಯುವವರು

'ಗಾಡಿಗೆ ಪಿಕಪ್ ಇಲ್ಲ.' ಮೈಸೂರಿನ ಉದಯಗಿರಿಯಲ್ಲಾಗಲಿ, ರಾಜ್ಯದ ಇನ್ನಾವುದೇ ಊರಿನಲ್ಲಾಗಲಿ, ಸರಕು ವಾಹನದ ಚಾಲಕ ಗ್ಯಾರೇಜಿಗೆ ಬಂದೊಡನೆ ಹೇಳುವ ಮಾತು ಇದು. ಕನ್ನಡಿಗರ ಬಾಯಲ್ಲಿ ಪಿಕಪ್ ಎಂಬ ಪದಕ್ಕೆ ಎರಡು ಅರ್ಥ. ಹಿಂದೆ ತೆರೆದ ತೊಟ್ಟಿಯಿರುವ ಸಣ್ಣ ಸರಕು ವಾಹನವೂ ಪಿಕಪ್ಪೇ, ಆಕ್ಸಿಲರೇಟರ್ ತುಳಿದೊಡನೆ ಎಂಜಿನ್ ತೋರಿಸುವ ಎಳೆತವೂ ಪಿಕಪ್ಪೇ. ಹಾಗಾಗಿ 'ಪಿಕಪ್ಪಿಗೆ ಪಿಕಪ್ ಇಲ್ಲ' ಎಂದರೆ ಯಾವ ಮೆಕ್ಯಾನಿಕ್ಕೂ ನಗುವುದಿಲ್ಲ. ತಲೆಯಾಡಿಸಿ ಬಾನೆಟ್ ಎತ್ತುತ್ತಾನೆ.

ಆ ದೂರಿಗೆ ಮದ್ದು ಕೊಡುವ ಕೆಲಸವೇ ಎಂಜಿನ್ ಟ್ಯೂನಿಂಗ್. ಕಾರ್ಖಾನೆಯಿಂದ ಬಂದ ಎಂಜಿನ್ನನ್ನು ಅದರ ಒಡೆಯನ ಹೊರೆಗೆ, ದಾರಿಗೆ, ಜೇಬಿಗೆ ಹೊಂದುವಂತೆ ಸರಿಹೊಂದಿಸುವುದು. ವೀಣೆಯ ಊರಾದ ಮೈಸೂರಿನಲ್ಲಿ ಇದನ್ನು ಶ್ರುತಿ ಮಾಡುವುದು ಎಂದರೆ ತಪ್ಪಾಗಲಾರದು. ತಂತಿ ಬಿಗಿಯಾದರೂ ಅಪಸ್ವರ, ಸಡಿಲವಾದರೂ ಅಪಸ್ವರ. ಎಂಜಿನ್ನಿನಲ್ಲಿ ತಂತಿಯ ಜಾಗದಲ್ಲಿರುವುದು ಎರಡು ಸಂಗತಿ: ಎಷ್ಟು ಇಂಧನ, ಯಾವ ಕ್ಷಣದಲ್ಲಿ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಜಗತ್ತು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆ ಹುಡುಕಾಟದ ಒಂದು ದೊಡ್ಡ ಅಧ್ಯಾಯ ನಡೆದದ್ದು ಕರ್ನಾಟಕದಲ್ಲೇ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಒಂದು ಹನಿಯ ಸಮಸ್ಯೆ

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿನ ಪೇಟೆಂಟಿಗೆ ಅರ್ಜಿ ಹಾಕಿದ್ದು 1892ರಲ್ಲಿ. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನ್ ಸುಮಾರು 20 ಅಶ್ವಶಕ್ತಿಯೊಂದಿಗೆ ಓಡಿ ತೋರಿಸಿತು. ಇಂಧನದಲ್ಲಿರುವ ಶಕ್ತಿಯ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚನ್ನು ಅದು ಕೆಲಸಕ್ಕೆ ತಿರುಗಿಸುತ್ತಿತ್ತು. ಅಂದಿನ ಹಬೆ ಎಂಜಿನ್‌ಗಳು ಅದರ ಸಮೀಪಕ್ಕೂ ಬರುತ್ತಿರಲಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡವಾಗುತ್ತದೆ. ಆ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹೇಳಲು ಸುಲಭ, ಮಾಡಲು ಕಷ್ಟ. ಅಷ್ಟು ಒತ್ತಡದಲ್ಲಿರುವ ಗಾಳಿಯೊಳಗೆ ಎಣ್ಣೆ ನುಗ್ಗಿಸುವುದು ಹೇಗೆ? ಡೀಸೆಲ್ ಬಳಸಿದ್ದು ಇನ್ನೂ ಹೆಚ್ಚಿನ ಒತ್ತಡದ ಗಾಳಿಯನ್ನು. ಅದಕ್ಕೆ ಬೇಕಾದ ಕಂಪ್ರೆಸರ್ ಎಷ್ಟು ಭಾರವಾಗಿತ್ತೆಂದರೆ ಎಂಜಿನ್ ಕಾರ್ಖಾನೆಯಲ್ಲಿ, ಹಡಗಿನಲ್ಲಿ ಕೂರಬಹುದಿತ್ತೇ ಹೊರತು ಲಾರಿಯ ಮೇಲಲ್ಲ. 1913ರಲ್ಲಿ ಇಂಗ್ಲಿಷ್ ಕಾಲುವೆ ದಾಟುವ ಹಡಗಿನಿಂದ ರುಡಾಲ್ಫ್ ಡೀಸೆಲ್ ನಿಗೂಢವಾಗಿ ಕಣ್ಮರೆಯಾದಾಗ ಅವನ ಎಂಜಿನ್ ಇನ್ನೂ ರಸ್ತೆಗೆ ಇಳಿದಿರಲಿಲ್ಲ.

ಅದನ್ನು ರಸ್ತೆಗೆ ತಂದದ್ದು ಒಂದು ಪಂಪು. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ಕಾರ್ಯಾಗಾರ ತೆರೆದಿದ್ದ ರಾಬರ್ಟ್ ಬಾಷ್‌ನ ಕಂಪೆನಿ, 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಸಾಲಾಗಿ ನಿಂತ ನಾಲ್ಕು ಪುಟ್ಟ ಪಿಚಕಾರಿಗಳೆಂದು ಈ ಪಂಪನ್ನು ಊಹಿಸಿಕೊಳ್ಳಬಹುದು. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಪಿಚಕಾರಿಯೂ ನಿಮಿಷಕ್ಕೆ ಸಾವಿರ ಬಾರಿ ಚಿಮ್ಮಬೇಕು. ಪ್ರತಿ ಬಾರಿ ಚಿಮ್ಮುವುದು ಸಣ್ಣ ಎಂಜಿನ್ನಿನಲ್ಲಿ ಒಂದು ಹನಿಗಿಂತ ಹೆಚ್ಚೇನಲ್ಲ. ಆ ಹನಿ ನಾಲ್ಕರಲ್ಲೂ ಒಂದೇ ಅಳತೆಯಲ್ಲಿರಬೇಕು, ತನ್ನ ಸರದಿಯ ಕ್ಷಣಕ್ಕೇ ಬರಬೇಕು.

ಆಡುಗೋಡಿಗೆ ಬಂದ ಪಂಪು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ಲಾರಿ, ಬಸ್ಸುಗಳಿಗೆ ಬೇಕಾದ ಇಂಥ ಸೂಕ್ಷ್ಮ ಬಿಡಿಭಾಗಗಳು ಹಡಗಿನಲ್ಲಿ ಬರಬೇಕಿತ್ತು. 1951ರಲ್ಲಿ ಬಾಷ್ ಸಹಯೋಗದೊಂದಿಗೆ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿ ತಲೆಯೆತ್ತಿತು. ಸ್ಪಾರ್ಕ್ ಪ್ಲಗ್ಗು, ಇಂಜೆಕ್ಷನ್ ಪಂಪು, ನಾಜಲ್‌ಗಳು ಅಲ್ಲಿಂದ ದೇಶದ ಮೂಲೆಮೂಲೆಗೆ ಹೊರಟವು. ಕಂಪೆನಿಯ ಹೆಸರಿನ ಮೊದಲಕ್ಷರಗಳು ಸೇರಿ 'ಮೈಕೊ' ಆಯಿತು. ಕನ್ನಡಿಗರು ಅದನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಂಡರು. ಬೆಂಗಳೂರಿನಲ್ಲಿ ಮೈಕೊ ಲೇಔಟ್ ಎಂಬ ಬಡಾವಣೆಯೇ ಹುಟ್ಟಿತು. ಗ್ಯಾರೇಜುಗಳಲ್ಲಿ ಇಂಜೆಕ್ಷನ್ ಪಂಪು ಎನ್ನುವ ಬದಲು 'ಮೈಕೊ ಪಂಪು' ಎಂದರೆ ಸಾಕಾಯಿತು. 2008ರಲ್ಲಿ ಕಂಪೆನಿ ತನ್ನ ಹೆಸರನ್ನು ಬಾಷ್ ಎಂದು ಬದಲಿಸಿಕೊಂಡರೂ ಹಳೆಯ ಮೆಕ್ಯಾನಿಕರ ನಾಲಗೆ ಬದಲಾಗಲಿಲ್ಲ.

ಈ ಪಂಪಿನ ಜೀವ ಇರುವುದು 'ಎಲಿಮೆಂಟ್' ಎಂಬ ಜೋಡಿಯಲ್ಲಿ. ಬೆರಳು ಗಾತ್ರದ ಉಕ್ಕಿನ ಕಡ್ಡಿ, ಅದು ಮೇಲೆ ಕೆಳಗೆ ಓಡಾಡುವ ಉಕ್ಕಿನ ಕೊಳವೆ. ಎರಡರ ನಡುವಿನ ಸಂದು ಎರಡು, ಮೂರು ಮೈಕ್ರಾನ್. ಎಂದರೆ ತಲೆಗೂದಲ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗವೂ ಇಲ್ಲ. ಒಂದು ಕಡ್ಡಿಯನ್ನು ಇನ್ನೊಂದರ ಕೊಳವೆಗೆ ಹಾಕುವಂತಿಲ್ಲ, ಜೋಡಿ ಎಂದರೆ ಜೋಡಿಯೇ. ಕಡ್ಡಿಯ ಮೈಮೇಲೆ ಓರೆಯಾಗಿ ಕೊರೆದ ಒಂದು ಗೀರು ಇರುತ್ತದೆ. ಚಾಲಕ ಆಕ್ಸಿಲರೇಟರ್ ತುಳಿದಾಗ ಕಡ್ಡಿ ತುಸು ತಿರುಗುತ್ತದೆ, ಗೀರಿನ ಜಾಗ ಬದಲಾಗುತ್ತದೆ, ಚಿಮ್ಮುವ ಡೀಸೆಲ್ಲಿನ ಪ್ರಮಾಣವೂ ಬದಲಾಗುತ್ತದೆ. ಎಲಿಮೆಂಟಿಗೆ ಬೇರೆ ಎಣ್ಣೆಯ ಆಸರೆಯಿಲ್ಲ, ಹರಿಯುವ ಡೀಸೆಲ್ಲೇ ಅದರ ಜಿಡ್ಡು. ಸೀಮೆಎಣ್ಣೆ ಬೆರೆತ ಡೀಸೆಲ್ ಹಾಕಿಸಿದ ಗಾಡಿಯ ಪಂಪು ಬೇಗ ಸವೆಯುವುದು ಇದೇ ಕಾರಣಕ್ಕೆ.

ಕೋಣೆಯೊಳಗಿನ ವಿದ್ಯೆ

ಪಂಪು ಸರಿಪಡಿಸುವವನು ಸಾಮಾನ್ಯ ಮೆಕ್ಯಾನಿಕ್ ಅಲ್ಲ. ಗ್ಯಾರೇಜು ಬೀದಿಯಲ್ಲಿ ಅವನ ಸ್ಥಾನವೇ ಬೇರೆ. ಉಳಿದವರು ಮರದ ನೆರಳಿನಲ್ಲಿ, ರಸ್ತೆಯಂಚಿನಲ್ಲಿ ಕೆಲಸ ಮಾಡಿದರೆ ಪಂಪಿನವನಿಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಧೂಳಿನ ಒಂದು ಕಣ ಸಾಕು, ಎಲಿಮೆಂಟು ಹಾಳಾಗಲು. ಕೋಣೆಯೊಳಗೆ ಒಂದು ಟೆಸ್ಟ್ ಬೆಂಚು. ಬಿಚ್ಚಿ ತಂದ ಪಂಪನ್ನು ಅದಕ್ಕೆ ಕಟ್ಟಿ ಮೋಟಾರಿನಿಂದ ತಿರುಗಿಸುತ್ತಾರೆ. ಮುಂದೆ ಸಾಲಾಗಿ ಗಾಜಿನ ಅಳತೆ ನಳಿಕೆಗಳು. ನಿಗದಿತ ಸಂಖ್ಯೆಯ ಏಟುಗಳಾದ ಮೇಲೆ ಎಲ್ಲ ನಳಿಕೆಗಳಲ್ಲೂ ಡೀಸೆಲ್ ಒಂದೇ ಮಟ್ಟದಲ್ಲಿ ನಿಂತಿರಬೇಕು. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ಎಂಜಿನ್ ನಡುಗುತ್ತದೆ. ಈ ಸರಿದೂಗಿಸುವಿಕೆಗೆ ಕ್ಯಾಲಿಬ್ರೇಷನ್ ಎಂದು ಹೆಸರು.

ಅಳತೆ ಸರಿಯಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ 'ಟೈಮಿಂಗ್'. ಪಂಪನ್ನು ಎಂಜಿನ್ನಿಗೆ ಕೂರಿಸುವಾಗ ಮೊದಲ ಎಲಿಮೆಂಟಿನ ಬಾಯಿಗೆ ಹಂಸದ ಕತ್ತಿನಂತೆ ಬಾಗಿದ ಕೊಳವೆ ಹಾಕಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಕೊಳವೆಯಿಂದ ಸುರಿಯುವ ಡೀಸೆಲ್ ಸಣ್ಣಗಾಗುತ್ತ ಬಂದು, ಧಾರೆ ಕಡಿದು ಹನಿಯಾಗುತ್ತದೆ. ಹನಿಗಳ ನಡುವಿನ ಅಂತರ ಎಣಿಸಿ 'ಇಗೋ, ಇಲ್ಲಿ' ಎಂದು ಗುರುತು ಹಾಕಿದರೆ ಟೈಮಿಂಗ್ ಕೂತಿತು. ಗಡಿಯಾರವೂ ಬೇಡ, ಮೀಟರೂ ಬೇಡ. ಕಣ್ಣಿನ ತಾಳ್ಮೆಯೊಂದಿದ್ದರೆ ಸಾಕು.

ಈ ವಿದ್ಯೆ ಪುಸ್ತಕದಿಂದ ಬಂದದ್ದು ಕಡಿಮೆ. ಐಟಿಐ ಮೆಟ್ಟಿಲು ಹತ್ತದ ಹುಡುಗರು ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತ, ಬಿಡಿಭಾಗ ತೊಳೆಯುತ್ತ ಕಲಿತರು. ಹೊಗೆಯ ಬಣ್ಣ ನೋಡಿ ರೋಗ ಹೇಳುವುದು ಅವರ ಮೊದಲ ಪಾಠ. ಕಪ್ಪು ಹೊಗೆ ಎಂದರೆ ಗಾಳಿಗಿಂತ ಡೀಸೆಲ್ ಹೆಚ್ಚು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂದರೆ ಡೀಸೆಲ್ ಸುಡದೆಯೇ ಹೊರಬರುತ್ತಿದೆ, ಇಲ್ಲವೇ ನೀರು ಸೇರಿದೆ. ನಾಡಿ ಹಿಡಿದು ನೋಡುವ ಪಂಡಿತನಂತೆ ಸೈಲೆನ್ಸರಿನ ಬಾಯಿ ನೋಡುವ ಮೆಕ್ಯಾನಿಕ್.

ಜಾವಾ ಊರಿನ ಕಿವಿ

ಟ್ಯೂನಿಂಗ್ ಎಂಬ ಮಾತು ಮೈಸೂರಿಗೆ ಹೊಸದಾಗಿರಲಿಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜೆಕೊಸ್ಲೊವಾಕಿಯದ ಜಾವಾ ಬೈಕು ಮೈಸೂರಿನಲ್ಲಿ ತಯಾರಾಗಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ತೊಟ್ಟು ದೇಶವೆಲ್ಲ ಸುತ್ತಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ ಹೊಡೆದ ಲಿವರನ್ನೇ ಬಗ್ಗಿಸಿದರೆ ಗೇರ್ ಲಿವರ್. 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದರೂ ಮೈಸೂರಿನ ರಸ್ತೆಗಳಲ್ಲಿ ಆ ಸದ್ದು ಅಡಗಲಿಲ್ಲ.

ಆ ಎರಡು ಸ್ಟ್ರೋಕಿನ ಎಂಜಿನ್ನು ಟ್ಯೂನಿಂಗಿನ ಪಾಠಶಾಲೆಯೇ ಆಗಿತ್ತು. ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಬೈಕು ಮುನಿಸಿಕೊಳ್ಳುತ್ತಿತ್ತು. ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು, ಮತ್ತೆ ಅರ್ಧ ಕಾಲು ಸುತ್ತು ಹಿಂದಕ್ಕೆ. ಸ್ಪಾರ್ಕ್ ಪ್ಲಗ್ಗು ಬಿಚ್ಚಿ ತುದಿಯ ಬಣ್ಣ ನೋಡಿದರೆ ಉತ್ತರ ಅಲ್ಲೇ ಇರುತ್ತಿತ್ತು: ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕರ್ರಗಿದ್ದರೆ ಹೆಚ್ಚಾಗಿದೆ, ಕಾಫಿ ಬಣ್ಣವಿದ್ದರೆ ಸರಿಯಾಗಿದೆ. ಕಾಫಿ ಪ್ರಿಯರ ಊರಿಗೆ ಇದಕ್ಕಿಂತ ಸುಲಭದ ಗುರುತು ಬೇಕೆ?

ಘಟ್ಟವೂ, ಒಂಬತ್ತು ಗಂಟೆಯ ಗೇಟೂ

ಬೈಕಿನ ಟ್ಯೂನಿಂಗ್ ಹವ್ಯಾಸವಾಗಬಹುದು, ಪಿಕಪ್ಪಿನದು ಹೊಟ್ಟೆಪಾಡು. ಮೈಸೂರಿನಿಂದ ದಕ್ಷಿಣಕ್ಕೆ ಹೊರಡುವ ಸರಕು ವಾಹನಗಳ ಮುಂದೆ ಎರಡು ಘಟ್ಟಗಳಿವೆ. ಒಂದು ಗುಂಡ್ಲುಪೇಟೆ ದಾಟಿ ಉದಕಮಂಡಲಕ್ಕೆ ಹತ್ತುವುದು, ಇನ್ನೊಂದು ವಯನಾಡಿನ ಮೂಲಕ ಕೋಯಿಕ್ಕೋಡಿಗೆ ಇಳಿಯುವ ಒಂಬತ್ತು ತಿರುವುಗಳ ತಾಮರಶ್ಶೇರಿ ಘಟ್ಟ. ಎರಡು ದಾರಿಗಳೂ ಬಂಡೀಪುರದ ಕಾಡನ್ನು ಹಾದುಹೋಗುತ್ತವೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದಿತು. ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ತರಕಾರಿ ಹೇರಿಕೊಂಡ ಗಾಡಿ ಗೇಟು ಮುಚ್ಚುವ ಮೊದಲು ಮುಟ್ಟದಿದ್ದರೆ ಒಂದು ರಾತ್ರಿ ವ್ಯರ್ಥ. ಟೊಮೆಟೊ, ಸೊಪ್ಪು ರಾತ್ರಿಯೆಲ್ಲ ಕಾಯುವ ಸರಕಲ್ಲ. ಬ್ಯಾಂಕಿನ ಕಂತೂ ಕಾಯುವುದಿಲ್ಲ.

ಇಲ್ಲೇ ಪಂಪಿನ ಒಂದು ತಿರುಪು ಕಥೆಯೊಳಗೆ ಬರುತ್ತದೆ. ಗರಿಷ್ಠ ಎಷ್ಟು ಡೀಸೆಲ್ ಚಿಮ್ಮಬಹುದು ಎಂಬುದಕ್ಕೆ ಕಾರ್ಖಾನೆಯವರು ಮಿತಿ ಹಾಕಿ ಆ ತಿರುಪಿಗೆ ಸೀಲು ಒತ್ತಿರುತ್ತಾರೆ. ಸೀಲು ಒಡೆದು ತಿರುಪನ್ನು ತುಸು ತಿರುಗಿಸಿದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್. 'ಪಂಪ್ ಏರಿಸುವುದು' ಎಂದರೆ ಇದೇ. ಎಳೆತ ಹೆಚ್ಚಿತು, ಹೊರೆಯಿದ್ದರೂ ಗಾಡಿ ಏರು ಹತ್ತಿತು, ಚಾಲಕನ ಮುಖ ಅರಳಿತು. ಒಂದು ಕಾಲದ ಮೆಟಾಡೋರ್, ಡೀಸೆಲ್ ಜೀಪು, ಲಾರಿಗಳೆಲ್ಲ ಈ ಚಿಕಿತ್ಸೆಯ ರುಚಿ ಕಂಡವುಗಳೇ.

ಆದರೆ ಡೀಸೆಲ್ ಎಷ್ಟೇ ಹೆಚ್ಚಿಸಿದರೂ ಗಾಳಿಯನ್ನು ಹೆಚ್ಚಿಸುವ ತಿರುಪು ಪಂಪಿನಲ್ಲಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಉದಕಮಂಡಲ 2200 ಮೀಟರಿಗೂ ಮೇಲೆ. ಅಲ್ಲಿನ ಗಾಳಿ ಮೈಸೂರಿನ ಗಾಳಿಗಿಂತ ಸುಮಾರು ಏಳರಲ್ಲಿ ಒಂದು ಪಾಲು ತೆಳು. ಮೈಸೂರಿನಲ್ಲಿ ಏರಿಸಿದ ಹಳೆಯ ಪಂಪಿಗೆ ಇದು ಗೊತ್ತಾಗುವುದಿಲ್ಲ, ಅಷ್ಟೇ ಡೀಸೆಲ್ ಸುರಿಯುತ್ತದೆ. ಸುಡಲು ಗಾಳಿ ಸಾಲದೆ ಉಳಿದದ್ದು ಮಸಿಯಾಗಿ ಹೊರಬೀಳುತ್ತದೆ. ಘಟ್ಟದ ತಿರುವಿನಲ್ಲಿ ಹಿಂದೆ ಬರುವವನ ಮುಖಕ್ಕೆ ರಾಚುವ ಕರಿಹೊಗೆ ಎಂದರೆ ಚಾಲಕ ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ಲೇ. ಅದರ ಜೊತೆಗೆ ಪಿಸ್ಟನ್, ವಾಲ್ವುಗಳು ಮಿತಿಮೀರಿ ಕಾಯುತ್ತವೆ, ಕ್ಲಚ್ಚು ಸವೆಯುತ್ತದೆ. ಪಂಪಿನಿಂದ ಗಳಿಸಿದ್ದನ್ನು ರಿಪೇರಿಗೆ ಸುರಿಯಬೇಕಾಗುತ್ತದೆ. ಅನುಭವಿ ಮೆಕ್ಯಾನಿಕರು ಗಿರಾಕಿ ಕೇಳಿದಷ್ಟನ್ನೂ ಏರಿಸದೆ ಒಂದು ಹಂತದಲ್ಲಿ ಕೈ ಹಿಂತೆಗೆಯುತ್ತಿದ್ದುದು ಇದನ್ನು ಬಲ್ಲದ್ದರಿಂದಲೇ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮೊದಲ ಬಾರಿಗೆ ಆ ಹೊಗೆಗೆ ದೇಶವ್ಯಾಪಿ ಅಳತೆಗೋಲು ಹಿಡಿದವು. ಡೀಸೆಲ್ ವಾಹನದ ಹೊಗೆ 65 ಹಾರ್ಟ್ರಿಜ್ ಮಾನವನ್ನು ದಾಟಬಾರದೆಂದಾಯಿತು. ಹೊಗೆ ತಪಾಸಣೆ ಕೇಂದ್ರಗಳು ಬಂದವು, ಪ್ರಮಾಣಪತ್ರ ಬಂತು. ತಪಾಸಣೆಯ ದಿನ ತಿರುಪನ್ನು ಹಿಂದಕ್ಕೆ ತಿರುಗಿಸಿ ಮರುದಿನ ಮುಂದಕ್ಕೆ ತಿರುಗಿಸುವ ಉಪಾಯವೂ ಅದರ ಬೆನ್ನಿಗೇ ಬಂತು.

ತಿರುಪು ಮಾಯವಾಯಿತು

1990ರ ದಶಕದ ಕೊನೆಗೆ ಜಗತ್ತಿನಲ್ಲಿ ಹೊಸ ವ್ಯವಸ್ಥೆಯೊಂದು ಕಾಲಿಟ್ಟಿತು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156 ಕಾರಿನಲ್ಲಿ 'ಕಾಮನ್ ರೈಲ್' ಡೀಸೆಲ್ ಎಂಜಿನ್ ಬಂದಿತು. ಇದರಲ್ಲಿ ಪಂಪಿನ ಕೆಲಸ ಒಂದೇ, ಡೀಸೆಲ್ಲನ್ನು ಸಾವಿರ ವಾತಾವರಣಗಳಿಗೂ ಮಿಗಿಲಾದ ಒತ್ತಡದಲ್ಲಿ ಒಂದು ಕೊಳವೆಯೊಳಗೆ ತುಂಬಿಡುವುದು. ಎಷ್ಟು ಚಿಮ್ಮಬೇಕು, ಯಾವಾಗ ಚಿಮ್ಮಬೇಕು ಎಂಬ ಆ ಹಳೆಯ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಒಂದು ಪುಟ್ಟ ಕಂಪ್ಯೂಟರ್. ಎಂಜಿನ್ನಿನ ವೇಗ, ಬಿಸಿ, ಒಳಬರುವ ಗಾಳಿ, ಪೆಡಲ್ ಮೇಲಿನ ಕಾಲು, ಇವನ್ನೆಲ್ಲ ಸಂವೇದಕಗಳಿಂದ ತಿಳಿದು, ತನ್ನ ನೆನಪಿನಲ್ಲಿರುವ ಕೋಷ್ಟಕ ನೋಡಿ, ಪ್ರತಿ ಹನಿಯನ್ನೂ ಲೆಕ್ಕ ಹಾಕುತ್ತದೆ. ಬಾಲ್ಯದ ಮಗ್ಗಿ ಪುಸ್ತಕದಂತೆ ಸಾಲು, ಕಂಬಗಳಿರುವ ಈ ಕೋಷ್ಟಕಕ್ಕೆ 'ಮ್ಯಾಪ್' ಎಂದು ಹೆಸರು. ಘಟ್ಟ ಹತ್ತಿದಾಗ ಗಾಳಿ ತೆಳುವಾದದ್ದು ಇದಕ್ಕೆ ಗೊತ್ತಾಗುತ್ತದೆ, ಡೀಸೆಲ್ಲನ್ನು ತಾನೇ ತಗ್ಗಿಸುತ್ತದೆ.

ಭಾರತದ ಪಿಕಪ್ಪುಗಳಿಗೂ ಇದು ಬಂದೇ ಬಂತು. ಭಾರತ್ ಸ್ಟೇಜ್ 4ರ ನಿಯಮ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾಯಿತು. ಐದನೆಯ ಮೆಟ್ಟಿಲು ಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಭಾರತ್ ಸ್ಟೇಜ್ 6 ಬಂತು. ಡೀಸೆಲ್ಲಿನಲ್ಲಿರಬಹುದಾದ ಗಂಧಕ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಗ ಕೂತಿತು.

ತಿರುಪು ಹೋಯಿತೆಂದು ಟ್ಯೂನಿಂಗ್ ಹೋಯಿತೇ? ಇಲ್ಲ, ಅದು ಲ್ಯಾಪ್‌ಟಾಪಿಗೆ ಏರಿತು. ಸ್ಟೀರಿಂಗ್ ಕೆಳಗಿರುವ ತಪಾಸಣೆ ಕಿಂಡಿಗೆ ತಂತಿ ಜೋಡಿಸಿ, ಎಂಜಿನ್ ಕಂಪ್ಯೂಟರಿನ ಕಡತವನ್ನು ಹೊರಗೆಳೆದು, ಕೋಷ್ಟಕದ ಅಂಕಿಗಳನ್ನು ತಿದ್ದಿ ಮತ್ತೆ ಒಳಗೆ ಬರೆಯುತ್ತಾರೆ. 'ರೀಮ್ಯಾಪ್' ಎಂಬ ಈ ಕೆಲಸದಲ್ಲಿ ಕೈಗೆ ಎಣ್ಣೆಯ ಕಲೆಯಾಗುವುದಿಲ್ಲ. ಕಡತ ತಿದ್ದುವವನು ಗಾಡಿಯನ್ನು ಕಣ್ಣಿನಿಂದ ನೋಡಿರಲೇಬೇಕೆಂದೂ ಇಲ್ಲ. ಬೇರೆ ಊರಲ್ಲಿ ಕೂತು ತಿದ್ದಿ ಕಳಿಸಬಹುದು. ಹೊಗೆ ನೋಡಿ, ಸದ್ದು ಕೇಳಿ ಕೈ ಹಿಂತೆಗೆಯುತ್ತಿದ್ದ ಉಸ್ತಾದನ ಜಾಗದಲ್ಲಿ ಈಗ ಅಂಕಿಯೊಂದೇ ಇದೆ.

ದೊಡ್ಡವರ ಟ್ಯೂನಿಂಗು

ಪಿಕಪ್ಪುಗಳ ತವರಾದ ಅಮೆರಿಕದಲ್ಲಿ ಈ ಗೀಳು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಲೆಕ್ಕವಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿದಂತೆ, ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಿ ಕಂಪ್ಯೂಟರನ್ನು ತಿದ್ದಲಾಗಿತ್ತು. ಅದರಿಂದಾದ ಮಾಲಿನ್ಯ, ನಿಯಮಬದ್ಧವಾದ 90 ಲಕ್ಷ ಪಿಕಪ್ಪುಗಳನ್ನು ಹೊಸದಾಗಿ ರಸ್ತೆಗಿಳಿಸಿದ್ದಕ್ಕೆ ಸಮ ಎಂದಿತು ಸಂಸ್ಥೆ.

ತಪ್ಪು ಗ್ಯಾರೇಜಿನವರದು ಮಾತ್ರ ಎಂದುಕೊಳ್ಳುವಂತಿಲ್ಲ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯ ಗುಟ್ಟು ರಟ್ಟಾಯಿತು. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುವಾಗ ಸಭ್ಯವಾಗಿ, ರಸ್ತೆಗಿಳಿದಾಗ ಬೇರೆಯಾಗಿ ನಡೆದುಕೊಳ್ಳುವ ತಂತ್ರಾಂಶವನ್ನು ಕಾರುಗಳಲ್ಲಿ ಅಡಗಿಸಿಡಲಾಗಿತ್ತು. ಜಗತ್ತಿನಾದ್ಯಂತ ಅಂಥ ಕಾರುಗಳ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷ. ಭಾರತದಲ್ಲಿ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಕಂಪೆನಿ ಹೇಳಬೇಕಾಯಿತು. ತಪಾಸಣೆಯ ದಿನ ತಿರುಪು ತಿರುಗಿಸುವ ಬೀದಿಬದಿಯ ಉಪಾಯವನ್ನೇ ದೈತ್ಯ ಕಂಪೆನಿಯೊಂದು ತಂತ್ರಾಂಶದಲ್ಲಿ ಬರೆದಿಟ್ಟಿತ್ತು.

ಇದು ಬರೀ ಕಾಗದದ ನಿಯಮದ ಪ್ರಶ್ನೆಯೂ ಅಲ್ಲ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಯಾರು? ಕಿಟಕಿ ಏರಿಸಿ ಏಸಿ ಹಾಕಿಕೊಂಡವರಲ್ಲ. ಸೈಲೆನ್ಸರಿನ ಬಳಿ ಬಗ್ಗಿ ನಿಲ್ಲುವ ಮೆಕ್ಯಾನಿಕ್, ಅವನ ಕೈಕೆಳಗಿನ ಹುಡುಗ, ಗಾಡಿಯಲ್ಲೇ ಮಲಗುವ ಚಾಲಕ, ಮುಂಜಾನೆ ಎಂಜಿನ್ ಶುರುವಾಗುವ ಇಕ್ಕಟ್ಟಾದ ಬೀದಿಗಳ ಮಕ್ಕಳು.

ಕಾನೂನು ಈಚೆಗೆ ಬಿಗಿಯಾಗಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಒಡೆಯನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ಏರಿನಲ್ಲಿ ಉಸಿರುಗಟ್ಟುವ ಗಾಡಿ, ಮುಚ್ಚಲಿರುವ ಗೇಟು, ಕಟ್ಟಬೇಕಾದ ಕಂತು ಕಾಯ್ದೆಯಿಂದ ಮಾಯವಾಗುವುದಿಲ್ಲ. ತಯಾರಕರಿಗೂ ಇದು ಅರ್ಥವಾದಂತಿದೆ. ಉಳಿತಾಯಕ್ಕೊಂದು, ಎಳೆತಕ್ಕೊಂದು ಎಂದು ಎರಡು ಬಗೆಯ ಶ್ರುತಿಯನ್ನು ಒಂದು ಗುಂಡಿಯಲ್ಲಿ ಕೊಡುವ ಸಣ್ಣ ಸರಕು ವಾಹನಗಳು ಬಂದಿವೆ. ಎರಡೂ ಹೊಗೆಯ ಮಿತಿಯೊಳಗೇ ಇರುವ ಶ್ರುತಿಗಳು.

ಉಳಿದಿರುವ ಕೆಲಸವೂ ಕಡಿಮೆಯದಲ್ಲ. ಗಾಳಿ ಸೋಸುಗ ಕಟ್ಟಿಕೊಂಡಿದ್ದರೆ, ನಾಜಲ್ ಸವೆದಿದ್ದರೆ, ಟರ್ಬೊ ಕೊಳವೆ ಸೀಳಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಯಾವ ಗಾಡಿಗೂ ಪಿಕಪ್ ಇರುವುದಿಲ್ಲ. 'ಟ್ಯೂನ್ ಮಾಡಿಸಬೇಕು' ಎಂದು ಬಂದ ಗಾಡಿಗೆ ಇವಿಷ್ಟನ್ನು ಸರಿಪಡಿಸಿದರೆ, ಕಳೆದುಕೊಂಡಿದ್ದ ಶಕ್ತಿಯೇ ಮರಳಿ ಬರುವುದುಂಟು. ಇದನ್ನು ಹೇಳುವುದಕ್ಕೆ ಲ್ಯಾಪ್‌ಟಾಪಿಗಿಂತ ಹೆಚ್ಚಾಗಿ ಹಳೆಯ ಕಿವಿಯೇ ಬೇಕು.

ಪಂಪುಗಳ ತವರಾಗಿದ್ದ ಆಡುಗೋಡಿಯ ಅಂಗಳದಲ್ಲಿ ಈಗ ಎಲಿಮೆಂಟು ಕೊರೆಯುವ ಯಂತ್ರಗಳ ಸದ್ದಿಲ್ಲ. ತಯಾರಿಕೆ ಬಿಡದಿಗೆ ಸಾಗಿತು. 2022ರ ಜೂನ್‌ನಲ್ಲಿ ಅದೇ ಜಾಗದಲ್ಲಿ ಕಂಪೆನಿಯ ತಂತ್ರಜ್ಞಾನ ಸಂಕೀರ್ಣ ಉದ್ಘಾಟನೆಯಾಯಿತು. ಉಕ್ಕಿನ ಗೀರು ಇದ್ದೆಡೆ ಅಂಕಿಗಳ ಸಾಲು ಬಂದಿದೆ. ಆದರೂ ಉದಯಗಿರಿಯಂಥ ಬಡಾವಣೆಯ ಗ್ಯಾರೇಜಿನಲ್ಲಿ ಹಳೆಯ ಜೀಪೊಂದು ಬಂದು ನಿಂತರೆ ಬಾಗಿದ ಕೊಳವೆ ಹೊರಬರುತ್ತದೆ. ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ ಹಿರಿಯನೊಬ್ಬ ಹನಿ ಎಣಿಸುತ್ತಾನೆ. ಪಕ್ಕದಲ್ಲಿ ನಿಂತ ಹುಡುಗ ಅದನ್ನು ನೋಡಿ ಕಲಿಯುತ್ತಾನೋ, ಮೊಬೈಲು ನೋಡುತ್ತಾನೋ ಎಂಬುದರ ಮೇಲೆ ಆ ವಿದ್ಯೆಯ ಮುಂದಿನ ಕಥೆ ನಿಂತಿದೆ.